ಕಂಡೆನೆಂದು ನಾನು ಶಾಲಿನಿಗೆ ಹೇಳಿದ ಬಿಳಿ ನಾಯಿ

ವೀಣಾ, ನಿನ್ನ ಅಕ್ಕ ಡಾಕ್ಟರ ಬಳಿ ತಡವಾಗಿ ಹೋದದ್ದು ನನ್ನ ಮಾತು ಕೇಳಿ. ನಿನ್ನ ಭಾವನಿಂದಲ್ಲ. ಶಾಲಿನಿಯ ತಿಥಿಯ ದಿನ ನೀನು ಎಲ್ಲರೆದುರು "ನಿಮ್ಮ ಅಸಡ್ಡೆಯಿಂದ್ಲೇ ಅಕ್ಕ ಹೋದ್ಲು" ಎಂದು ಗಿರೀಶ್ ಅವರಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ — ಬಾಯಿ ಮುಚ್ಚಿಕೊಂಡು.

ಲಾಕ್‌ಡೌನಿನ ಕಾಲ. ಇದೇ ಅಮೆರಿಕದಲ್ಲಿ ನೀನು ದೂರದ ನಾರ್‌ಕ್ರಾಸ್‌ನಲ್ಲಿದ್ದೆ; ರಾಕ್‌ವಿಲ್‌ನಲ್ಲಿ ಶಾಲಿನಿಯದೂ ನನ್ನದೂ ಎದುರುಬದುರು ಮನೆ. ಕೆಲಸ ಕಳೆದುಕೊಂಡಿದ್ದ ನಾನು ಆನ್‌ಲೈನಿನಲ್ಲಿ ಶಾಮನ್ ವಿದ್ಯೆ, ಅಂದರೆ ಆತ್ಮಗಳೊಡನೆ ಮಾತಾಡುವ ಮಾಂತ್ರಿಕರ ವಿದ್ಯೆ, ಕಲಿಯಲು ಸೇರಿದ್ದೆ. ಕಣ್ಣು ಮುಚ್ಚಿ, ಡ್ರಮ್ಮಿನ ಸದ್ದು ಹಿಡಿದು ಬೇರೊಂದು ಲೋಕಕ್ಕೆ ಹೋಗಬೇಕು; ಅಲ್ಲಿ ಒಂದು ಪ್ರಾಣಿ ದಾರಿ ತೋರಿಸುತ್ತದೆ. ಯುರೋಪಿನ ಹಳೆಯ ಕೆಲ್ಟಿಕ್ ಜನರಿಗೆ ಅದು ಹೆಚ್ಚಾಗಿ ನಾಯಿ ಎನ್ನುತ್ತಿದ್ದರು ಕಲಿಸುವವರು — ಸತ್ತವರ ಜೊತೆ ನಡೆಯುವ, ಕೆಂಪು ಕಿವಿಯ ಬಿಳಿ ನಾಯಿ; ರೋಗಿಗಳ ಗಾಯ ನೆಕ್ಕಿ ವಾಸಿಮಾಡುವ ನಾಯಿ. ತಿಂಗಳುಗಟ್ಟಲೆ ಕೂತೆ. ನನಗೆ ಏನೂ ಕಾಣಲಿಲ್ಲ. ಉಳಿದವರೆಲ್ಲ ಕಂಡೆವೆಂದರು, ನಾನೂ ಕಂಡೆನೆಂದೆ.

ಶಾಲಿನಿ ನಂಬಿದಳು. ಒಂದು ಮಧ್ಯಾಹ್ನ ನಮ್ಮ ಹಿತ್ತಿಲಲ್ಲಿ ಕೂತು, ತನ್ನ ನಾಯಿ ಚಿನ್ನುವನ್ನು ಸವರುತ್ತ ಹೇಳಿದಳು: "ಇವ್ಳು ಯಾಕೋ ದಿನಾ ನನ್ನ ಎದೆ ಹತ್ರಾನೇ ಮೂಸ್ತಾಳೆ ಕಣೇ. ಅಲ್ಲಿ ಸಣ್ಣ ಗಂಟಿದೆ. ಗಿರೀಶ್ ಅಪಾಯಿಂಟ್‌ಮೆಂಟ್ ತಗೊಂಡಿದಾರೆ. ಈ ಕೋವಿಡ್ ಟೈಮಲ್ಲಿ ಹಾಸ್ಪಿಟಲ್ ಅಂದ್ರೇನೇ ಭಯ... ನಿಂಗೇನಾದ್ರೂ ಕಾಣ್ಸತ್ತಾ ನೋಡ್ತೀಯಾ?"

ಎಷ್ಟೋ ದಿನಗಳಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಡ್ರಮ್ ಬಾರಿಸಿದೆ, ಕಣ್ಣು ಮುಚ್ಚಿದೆ. ಕತ್ತಲೆ. ಏನೂ ಕಾಣಲಿಲ್ಲವೆಂದು ಹೇಳಬಹುದಿತ್ತು —

"ಬಿಳಿ ನಾಯಿ ಬಂತು ಶಾಲೂ. ಚಿನ್ನು ನಿನ್ನ ನೋವನ್ನ ಎಳ್ಕೋತಿದಾಳಂತೆ. ಕ್ಯಾನ್ಸಲ್ ಮಾಡು, ಸ್ವಲ್ಪ ದಿನ ನೋಡೋಣ."

ಅವಳು ಅತ್ತು ಹಗುರಾದಳು. ಅಪಾಯಿಂಟ್‌ಮೆಂಟ್ ರದ್ದು ಮಾಡಿದಳು. ತೋರಿಸಿಕೊಂಡು ಬಂದೆ, ಏನೂ ಇಲ್ಲವಂತೆ ಎಂದು ಗಂಡನಿಗೆ ಹೇಳಿದಳು. ಅವರು ನಂಬಿದರು. ರದ್ದು ಮಾಡಿದ್ದು, ಸುಳ್ಳು ಹೇಳಿದ್ದು — ನನಗೆ ಎರಡೂ ಗೊತ್ತಿತ್ತು.

ಬೆನ್ನುನೋವು ತಡೆಯಲಾಗದೆ ಕೊನೆಗೆ ಡಾಕ್ಟರ ಬಳಿ ಹೋದಾಗ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಚಿನ್ನುವಿನ ವಿಷಯ ಕೇಳಿದ ಡಾಕ್ಟರು, ಕೆಲವು ನಾಯಿಗಳಿಗೆ ಈ ರೋಗದ ವಾಸನೆ ಸಿಗುತ್ತದೆ ಎಂದರಂತೆ. ಆ ಮೂಕಪ್ರಾಣಿ ದಿನವೂ ಎಚ್ಚರಿಸುತ್ತಿತ್ತು, ವೀಣಾ. ಅದರ ಮಾತನ್ನು ನಾನು ತಿರುಚಿದೆ.

ಕೊನೆಯ ವಾರದಲ್ಲಿ ಶಾಲಿನಿ ನನ್ನ ಕೈ ಹಿಡಿದು ಕೇಳಿದಳು: "ಆವತ್ತು ಆ ಬಿಳಿ ನಾಯಿ ನಿಜವಾಗ್ಲೂ ಕಂಡಿತ್ತೇನೇ?"

ಆಗಲೂ "ಹೂಂ" ಎಂದೆ.

"ಸರಿ ಬಿಡು. ಹೋಗೋವಾಗ ಜೊತೆಗಿರತ್ತೆ," ಎಂದಳು.

ಅವಳಿಗೆ ಸಮಾಧಾನವಾಗಲೆಂದು ಹಾಗೆಂದೆನೋ, ನನ್ನ ಮುಖ ಉಳಿಸಿಕೊಳ್ಳಲೋ — ಎರಡನೆಯದೇ ಇರಬೇಕು.

ಗಿರೀಶ್ ಅವರಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. "ಮನೇಲೇ ಇದ್ದೆ. ನಂಗೇ ಗೊತ್ತಾಗ್ಲಿಲ್ವಲ್ಲ," ಎಂದರು. ನಾನು ಇಷ್ಟೆಲ್ಲ ಹೇಳಿದ ಮೇಲೂ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು.

ನಿನ್ನ ಕ್ಷಮೆ ಕೇಳುತ್ತಿಲ್ಲ. ಅವರೊಡನೆ ಮಾತು ಬಿಟ್ಟಿದ್ದೀಯಲ್ಲ — ಇದನ್ನು ಓದಿದ ಮೇಲೆ ಅವರಿಗೊಂದು ಫೋನ್ ಮಾಡು. ನನಗೆ ಮಾಡಬೇಡ.