ಹಂಪ್ ಬಂದರೆ ಇಳಿಯಬೇಕು

ಜೋಸಿಮಾರನ ಕಾರು ನೆಲಕ್ಕೆ ಎಷ್ಟು ತಗ್ಗಿತ್ತೆಂದರೆ, ಎದ್ದು ನಿಂತ ಸಿಗರೇಟು ಪ್ಯಾಕೆಟ್ಟು ಅದರ ಹೊಟ್ಟೆಯಡಿ ಹೋಗುವ ಹಾಗಿರಲಿಲ್ಲ, ಮಲಗಿಸಿಯೇ ತಳ್ಳಬೇಕಿತ್ತು. ಹಳೆಯ ಚೆವೆಟ್, ಹೆಚ್ಚುಕಡಿಮೆ ಅವನಷ್ಟೇ ವಯಸ್ಸಿನದು. ಹತ್ತೊಂಬತ್ತು ವರ್ಷದ ಹಿಂದೆ ಮನೆಯಂಗಳದಲ್ಲಿ ಶೋಕಿಗೆಂದು ತಾನೇ ಸ್ಪ್ರಿಂಗುಗಳನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಕೂರಿಸಿದ್ದ. ಆವತ್ತು ಬಗ್ಗಿದ ಕಾರು ಮತ್ತೆ ತಲೆಯೆತ್ತಲಿಲ್ಲ.

ಇಂಥ ಕಾರನ್ನು ಭಾನುವಾರ ಹೊರಗೆ ತೆಗೆದು, ಚೌಕದಲ್ಲಿ ನಿಲ್ಲಿಸಿ, ನಾಲ್ಕು ಜನಕ್ಕೆ ತೋರಿಸಿ, ಒರೆಸಿ ಒಳಗಿಡುವವರು ಮಿನಾಸ್ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಜೋಸಿಮಾರ್ ಆ ಪೈಕಿಯವನಲ್ಲ. ಅವನ ದುಡಿಮೆಯೆಲ್ಲ ಅದರಲ್ಲೇ. ಆ ಊರಲ್ಲಿ ಮನೆಗೊಂದು ಹೊಲಿಗೆ ಮಷೀನು. ಹೆಂಗಸರೆಲ್ಲ ಒಳ ಉಡುಪು ಹೊಲಿದು ಕಾರ್ಖಾನೆಗೆ ಕೊಡುತ್ತಾರೆ. ಮಷೀನು ಕೆಟ್ಟರೆ ಕರೆಯುವುದು ಇವನನ್ನೇ. ಬೆಳಿಗ್ಗೆ ಕಾಫಿ ಕುಡಿದು, ಎರಡು ಚೀಸ್ ಬನ್ನು ಜೇಬಿಗೆ ಹಾಕಿಕೊಂಡು ಹೊರಟರೆ ಸಂಜೆವರೆಗೂ ಬೀದಿ ಬೀದಿ ತೆವಳುತ್ತಿದ್ದ. ತೆವಳುತ್ತಿದ್ದ ಎಂದೇ ಹೇಳಬೇಕು, ಓಡಿಸುತ್ತಿದ್ದ ಎಂದರೆ ಊರವರು ನಗುತ್ತಾರೆ.

ಅವನ ಶತ್ರು ಒಂದೇ, ಹಂಪ್. ಮನೆಯಿಂದ ಆಸ್ಪತ್ರೆಯವರೆಗೆ ಆರು ಹಂಪ್‌ಗಳು. ಶಾಲೆಯದು, ಚರ್ಚಿನದು, ಔಷಧಿ ಅಂಗಡಿಯದು, ಹೀಗೆ ಒಂದೊಂದಕ್ಕೂ ಅವನ ಬಳಿ ಹೆಸರಿತ್ತು. ಐದನೆಯದು ಕೌನ್ಸಿಲರನ ತಾಯಿಯ ಮನೆಯ ಮುಂದಿನದು. ಆಯಮ್ಮ ಮಗನಿಗೆ ಗಂಟುಬಿದ್ದು ಹಾಕಿಸಿಕೊಂಡದ್ದು, ಎಲ್ಲಕ್ಕಿಂತ ಎತ್ತರ. ಅದರ ಹೆಸರೆತ್ತಿದರೆ ಸಾಕು, ಜೋಸಿಮಾರ್ ಮುಖ ಸಿಂಡರಿಸುತ್ತಿದ್ದ.

ಹಂಪ್ ದಾಟುವುದಕ್ಕೂ ಅವನದೊಂದು ಕ್ರಮವಿತ್ತು. ಹತ್ತಿರ ಬರುತ್ತಲೇ ಹಾಡು ಕಡಿಮೆ ಮಾಡುವುದು, ಸ್ಟೀರಿಂಗ್ ಓರೆಗೆ ತಿರುಗಿಸುವುದು, ಒಂದೊಂದೇ ಚಕ್ರ ಹತ್ತಿಸಿ ಇಳಿಸುವುದು. ಅದಕ್ಕೂ ಮೊದಲು, ಕಾರಲ್ಲಿ ಯಾರೇ ಇರಲಿ, ಇಳಿಯಬೇಕು. ಭಾರ ಕಮ್ಮಿಯಾದರೆ ಕಾರು ಎರಡು ಬೆರಳು ಮೇಲೇಳುತ್ತದೆ, ಆ ಎರಡು ಬೆರಳಲ್ಲೇ ಅವನ ಜೀವ. ಜನ ಇಳಿದು, ಹಂಪ್ ಆಚೆ ನಡೆದುಹೋಗಿ, ಮತ್ತೆ ಹತ್ತುತ್ತಿದ್ದರು. ಪಾದ್ರಿಗಳು ಇಳಿದಿದ್ದಾರೆ. ದೊಡ್ಡಮ್ಮನ ಮಗಳು ಮದುವೆ ದಿನ ಬಿಳಿ ಲಂಗ ಎತ್ತಿ ಹಿಡಿದುಕೊಂಡು ಆರು ಕಡೆ ಇಳಿದಿದ್ದಾಳೆ. ಇವನನ್ನು ಮದುವೆಯಾಗಲು ಒಪ್ಪುವಂತಿದ್ದ ಹುಡುಗಿಯೊಬ್ಬಳು ನಾಲ್ಕನೇ ಹಂಪ್‌ನಲ್ಲಿ ಇಳಿದವಳು ಹಿಂತಿರುಗಿ ನೋಡದೆ ಮನೆಗೆ ನಡೆದುಬಿಟ್ಟಳು. ನಲವತ್ತೊಂದಾದರೂ ಆಸಾಮಿ ಒಂಟಿ. ಬುದ್ಧಿ ಬಂತೇ? ಎಲ್ಲಿ ಬರುತ್ತೆ!

ಅವನ ಜೊತೆ ಬೇಸರವಿಲ್ಲದೆ ಓಡಾಡುತ್ತಿದ್ದವಳು ಅವನ ತಾಯಿ ಜಂದೀರಾ ಒಬ್ಬಳೇ. ಅರವತ್ತೇಳು ವರ್ಷ, ದುಂಡನೆಯ ಮೈ. ಹಗಲೆಲ್ಲ ಕಿಟಕಿ ಪಕ್ಕ ಕೂತು ಹೊಲಿದ ಬಟ್ಟೆಯ ದಾರದ ಎಳೆ ಕತ್ತರಿಸುವ ಕೆಲಸ. ಶುಕ್ರವಾರದ ಸಂತೆಗೆ ಮಾತ್ರ ಮುಖಕ್ಕೆ ಪೌಡರು ಹಚ್ಚಿಕೊಂಡು ಮಗನ ಕಾರಿನ ಮುಂದಿನ ಸೀಟಲ್ಲಿ ಕೂರುತ್ತಿದ್ದಳು. ಹಂಪ್ ಬಂದರೆ ಮಗ ಹೇಳುವುದಕ್ಕೂ ಕಾಯುತ್ತಿರಲಿಲ್ಲ, ಅವಳ ಕೈ ಬಾಗಿಲಿಗೆ ಹೋಗಿರುತ್ತಿತ್ತು.

ಅಕ್ಟೋಬರಿನ ಒಂದು ಗುರುವಾರ, ಊಟದ ಹೊತ್ತು ಕಳೆದಿತ್ತು. ಜೋಸಿಮಾರ್ ಎರಡು ಬೀದಿ ಆಚೆ ಒಂದು ಮಷೀನಿನ ಸೂಜಿ ಸರಿಮಾಡುತ್ತ ಕೂತಿದ್ದಾಗ ಪಕ್ಕದ ಮನೆಯ ಕ್ಲೆಯುಜಾಳ ಫೋನು ಬಂತು. ಅಮ್ಮನ ಮೈಯೆಲ್ಲ ಬೆವರಿದೆಯಂತೆ, ಎದೆ ಹಿಂಡುತ್ತಿದೆಯಂತೆ, ಎಡಗೈ ಎತ್ತಲಾಗುತ್ತಿಲ್ಲವಂತೆ. ಆಂಬುಲೆನ್ಸಿಗೆ ಫೋನು ಮಾಡಿದರೆ, ಇರುವುದೊಂದೇ ಗಾಡಿ, ರೋಗಿಯೊಬ್ಬರನ್ನು ಕರೆದುಕೊಂಡು ದೊಡ್ಡ ಊರಿಗೆ ಹೋಗಿದೆ, ಇನ್ನೂ ಮುಕ್ಕಾಲು ಗಂಟೆ ಅಂದರಂತೆ. ಮಷೀನು ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು, ಜೋಸಿಮಾರ್ ಆಗಲೇ ಕಾರಿನಲ್ಲಿದ್ದ.

ಅಮ್ಮನನ್ನು ಎತ್ತಿ ತಂದು ಮುಂದಿನ ಸೀಟಲ್ಲಿ ಕೂರಿಸಿದ. ಅವಳ ಆಸ್ಪತ್ರೆ ಚೀಟಿ, ಮಾತ್ರೆ ಹುಡುಕಿಕೊಂಡು ಗಂಡನ ಬೈಕಿನಲ್ಲಿ ಹಿಂದೆಯೇ ಬರುತ್ತೇನೆಂದಳು ಕ್ಲೆಯುಜಾ. ಹೊರಡುವ ಮುಂಚೆ ಕಿಟಕಿಗೆ ಬಗ್ಗಿ ಅವನಿಗೊಂದು ಮಾತು ಹೇಳಿದಳು.

"ಜೋಸಿಮಾರ್, ಇವತ್ತು ಮಾತ್ರ ಆ ಕಾರಿನ ಮುಖ ನೋಡ್ಬೇಡ ಕಣಪ್ಪ. ಹಂಪೂ ಬೇಡ ಗಿಂಪೂ ಬೇಡ. ಸುಮ್ನೆ ನುಗ್ಗಿಸು."

"ಕಾರಿನ ಮನೆ ಹಾಳಾಗ್ಲಿ ಬಿಡಕ್ಕ," ಅಂದ. ನಿಜವಾಗಿಯೂ ಅಂದ, ಮನಸ್ಸಿನಿಂದಲೇ ಅಂದ. ಅದನ್ನು ನಂಬಬೇಕು, ಯಾಕೆಂದರೆ ಮುಂದೆ ಆದದ್ದನ್ನು ಕೇಳಿದವರು ಯಾರೂ ನಂಬುವುದಿಲ್ಲ.

ಶಾಲೆಯ ಹಂಪ್ ಬಂತು. ಅವನ ತಲೆಯಲ್ಲಿ ಆಸ್ಪತ್ರೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಕಾಲು ಬ್ರೇಕ್ ಒತ್ತಿತು. ಕೈ ಸ್ಟೀರಿಂಗನ್ನು ಓರೆಗೆ ತಿರುಗಿಸಿತು. ಬಾಯಿ, ಹತ್ತೊಂಬತ್ತು ವರ್ಷ, ಪಕ್ಕದಲ್ಲಿ ಯಾರೇ ಇರಲಿ, ಹಂಪ್ ಕಂಡಾಗಲೆಲ್ಲ ಆಡಿದ ಮಾತನ್ನೇ ಆಡಿತು.

"ಅಮ್ಮ, ಇಳಿ."

ಬಾಗಿಲು ತೆರೆದ ಸದ್ದಾಯಿತು. ಕಾರು ಎರಡು ಬೆರಳು ಮೇಲೆದ್ದಿತು. ಜೋಸಿಮಾರ್ ಎಂದಿನಂತೆ ತಲೆ ಹೊರಗೆ ಹಾಕಿ ಮುಂದಿನ ಚಕ್ರವನ್ನೇ ನೋಡುತ್ತ, ಹತ್ತಿಸಿ, ಇಳಿಸಿ, ಹಿಂದಿನದನ್ನೂ ಹತ್ತಿಸಿ ಇಳಿಸಿ, ಎಲ್ಲೂ ತಗಲದಂತೆ ಆಚೆ ದಾಟಿಸಿದ. ಆಚೆ ನಿಲ್ಲಿಸಿ, ಬಾಗಿಲು ತೆರೆಯಲೆಂದು ಪಕ್ಕಕ್ಕೆ ಕೈ ಚಾಚಿದಾಗ ಸೀಟು ಖಾಲಿ ಇತ್ತು.

ಹಿಂದೆ ನೋಡಿದ. ಜಂದೀರಾ ಹಂಪ್‌ನ ಮೇಲೆ ನಿಂತಿದ್ದಳು. ಒಂದು ಕೈ ಎದೆ ಮೇಲೆ, ಇನ್ನೊಂದು ಜೋತುಬಿದ್ದಿತ್ತು. ಒಂದು ಹೆಜ್ಜೆ ಇಡುವಳು, ನಿಲ್ಲುವಳು. ಇನ್ನೊಂದು ಇಡುವಳು, ನಿಲ್ಲುವಳು. ಮಗನನ್ನು ಕಾಯಿಸಬಾರದೆಂದು ಅವಸರ ಮಾಡುತ್ತಿದ್ದಳು.

ಜೋಸಿಮಾರ್ ಬಾಗಿಲು ತಳ್ಳಿ ಇಳಿದ. ನಾನು ಇಳಿಸಿದೆನೇ? ಹೀಗಿರುವವಳನ್ನು? ಶಾಲೆಯ ಗೇಟಿನ ಬಳಿ ಜೋಳ ಮಾರುವ ಹೆಂಗಸು ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿದ್ದಳು. ಆ ನೋಟವನ್ನು ಅವನು ಸಾಯುವವರೆಗೂ ಮರೆಯಲಾರ. ಓಡಿದ. ಅಮ್ಮನನ್ನು ಬಾಚಿ ಎತ್ತಿಕೊಂಡ. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನ ಕಿವಿಯ ಹತ್ತಿರ ಅವಳು ಏದುಸಿರು ಬಿಡುತ್ತ ಕೇಳಿದ್ದೇನು ಗೊತ್ತೇ?

"ತಗಲ್ಲಿಲ್ಲ ತಾನೆ ಮಗಾ?"

ಅಲ್ಲಿಂದ ಮುಂದೆ ಅವನು ಕಾರು ಓಡಿಸಲಿಲ್ಲ, ಎಸೆದ. ಚರ್ಚಿನ ಹಂಪ್‌ಗೆ ಸೈಲೆನ್ಸರ್ ಕಿತ್ತು ರಸ್ತೆಗೆ ಬಿತ್ತು. ಔಷಧಿ ಅಂಗಡಿಯದಕ್ಕೆ ಮುಂದಿನ ಬಂಪರ್ ಸೀಳಿತು. ನಾಲ್ಕನೆಯದು ಏನು ಕಿತ್ತುಕೊಂಡಿತೋ ನೋಡಲಿಲ್ಲ. ಪ್ರತಿ ಸಲ ಕಬ್ಬಿಣ ಕಿರುಚಿದಾಗಲೂ ಅಮ್ಮ ಕಣ್ಣು ಮುಚ್ಚಿಕೊಂಡು ಮುಖ ಹಿಂಡುತ್ತಿದ್ದಳು. ಅದು ಎದೆನೋವಿಗೋ ಕಾರಿನ ನೋವಿಗೋ ಅವನಿಗೆ ತಿಳಿಯಲಿಲ್ಲ. ಕೌನ್ಸಿಲರನ ತಾಯಿಯ ಹಂಪ್ ಎಂಜಿನ್ನಿನಡಿಯ ಆಯಿಲ್ ಚೇಂಬರನ್ನೇ ಒಡೆಯಿತು. ಆಯಿಲ್ ಸೋರಿ ಕೆಂಪು ದೀಪ ಹತ್ತಿತು. ಹತ್ತಿದರೆ ಹತ್ತಲಿ ಎಂದು ಒತ್ತಿದ. ಆರನೆಯದನ್ನೂ ಹಾರಿಸಿ, ಆಸ್ಪತ್ರೆಯ ಗೇಟು ಕಾಣುತ್ತಿದ್ದಂತೆ ಎಂಜಿನ್ ಕರ್ ಎಂದು ಬಿಗಿದು ನಿಂತೇಬಿಟ್ಟಿತು. ಉಳಿದ ಮೂವತ್ತು ಹೆಜ್ಜೆ ಅಮ್ಮನನ್ನು ಹೊತ್ತುಕೊಂಡೇ ಓಡಿದ.

ಡಾಕ್ಟರು ಇನ್ನೂ ಎಳೆಯ ಹೆಣ್ಣುಮಗಳು. ಮಾತ್ರೆ ಅಗಿಯಲು ಕೊಟ್ಟು, ಎದೆಗೆ ವೈರು ಅಂಟಿಸಿ, ಯಂತ್ರದಿಂದ ಹೊರಬಂದ ಕಾಗದ ನೋಡಿ, ದೊಡ್ಡ ಊರಿಗೆ ಫೋನು ಮಾಡಿದಳು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು, ಈಗ ಉಳಿಯುತ್ತಾರೆ ಎಂದಳು. ಜೋಸಿಮಾರ್ ಗೋಡೆಗೆ ಒರಗಿ ಮುಖ ಒರೆಸಿಕೊಂಡ. ಅಷ್ಟರಲ್ಲಿ ಅವಳು ಬರೆದುಕೊಳ್ಳುತ್ತ, ನೋವು ಬಂದ ಮೇಲೆ ನಡೆದರೇ, ಮಲಗಿಸಿಕೊಂಡೇ ತಂದಿರೇ ಎಂದು ಕೇಳಿದಳು.

ಆಮ್ಲಜನಕದ ಮುಖವಾಡವನ್ನು ಪಕ್ಕಕ್ಕೆ ಸರಿಸಿ ಅಮ್ಮನೇ ಮುಂದಾದಳು.

"ನಾನೇ ಇಳ್ದೆ ಡಾಕ್ಟ್ರೇ. ಗಾಳಿ ಬೇಕು ಅನ್ನಿಸ್ತು. ಅವ್ನು ಬೇಡ ಬೇಡ ಅಂದ."

"ಸುಳ್ಳು," ಅಂದ ಜೋಸಿಮಾರ್. "ನಾನೇ ಇಳಿಸ್ದೆ."

ಡಾಕ್ಟರು ಪೆನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಎರಡು ಮಾತು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು, ಬೈಯಲಿಲ್ಲ. ಜಂದೀರಾಳ ಕಡೆ ತಿರುಗಿ, ಈ ನೋವು ಇವತ್ತೇ ಮೊದಲೇ, ಹಿಂದೆಯೂ ಬರುತ್ತಿತ್ತೇ, ನಿಜ ಹೇಳಿ ಎಂದಳು. ಜಂದೀರಾ ಚಾವಣಿ ನೋಡಿದಳು. ಜೂನ್ ಹಬ್ಬದ ಆಸುಪಾಸಿನಿಂದ ಸ್ವಲ್ಪ ಸ್ವಲ್ಪ ಇದೆ ಎಂದು ಒಪ್ಪಿಕೊಂಡಳು. ಯಾವಾಗ ಬರುತ್ತೆ? ನಡೆದರೆ. ನಿಂತರೆ, ಕೂತರೆ ಹೋಗುತ್ತೆ. ಮತ್ತೆ ಎದ್ದು ನಡೆದರೆ ಬರುತ್ತೆ.

ಜೋಸಿಮಾರನಿಗೆ ಈಗ ಒಂದೊಂದೇ ನೆನಪಾಯಿತು. ಜೂನಿನಿಂದ ಪ್ರತಿ ಶುಕ್ರವಾರ ಹಂಪ್ ಹಂಪ್‌ಗೂ ಇಳಿದ ಅಮ್ಮ, ಯಾರದೋ ಬೇಲಿ ಹಿಡಿದುಕೊಂಡು ಹೂವಿನ ಗಿಡ ನೋಡುತ್ತ ನಿಲ್ಲುತ್ತಿದ್ದಳು, ಪರಿಚಯವಿಲ್ಲದವರನ್ನೂ ಮಾತಾಡಿಸುತ್ತ ನಿಲ್ಲುತ್ತಿದ್ದಳು. ಮುದುಕಿಗೆ ಮಾತಿನ ಚಟ ಎಂದುಕೊಂಡು ಆಚೆ ಕಡೆಯಿಂದ ಇವನು ಹಾರ್ನ್ ಹೊಡೆಯುತ್ತಿದ್ದ. ಅಬ್ಬಾ, ನೋವು ಇಳಿಯಲೆಂದು ನಿಂತವಳಿಗೆ ಹಾರ್ನ್ ಹೊಡೆದನಲ್ಲ.

"ಒಂದು ಮಾತು ಹೇಳಕ್ಕೇನಾಗಿತ್ತಮ್ಮ ನಿಂಗೆ?" ಅಂದ ಜೋಸಿಮಾರ್.

ಜಂದೀರಾ ಅವನ ಕೈ ಹಿಡಿದುಕೊಂಡು ಸಮಾಧಾನ ಮಾಡುವವಳಂತೆ ಹೇಳಿದಳು.

"ಹೇಳಿದ್ರೆ ನೀನು ಆವತ್ತೇ ಕಾರು ಎತ್ರ ಮಾಡಿಸ್ಬಿಡ್ತಿದ್ದೆ ಕಣೋ. ನಂಗೊತ್ತಿಲ್ವಾ ನೀನು?"

ಹೌದಮ್ಮ ಎನ್ನಬೇಕಿತ್ತು. ಡಾಕ್ಟರು ನೋಡುತ್ತಿದ್ದಳು, ಅಮ್ಮ ನೋಡುತ್ತಿದ್ದಳು. ಜೋಸಿಮಾರ್ ಬಾಯಿ ತೆರೆದ. ಮಾಡಿಸುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡ, ಇನ್ನೊಮ್ಮೆ ಕೇಳಿಕೊಂಡ, ಮತ್ತು ಅಮ್ಮನ ಕೈಯಿಂದ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡ.