ಹನ್ನೊಂದನೇ ತೂಬಿನ ನೀರು

1998ರಲ್ಲಿ ನಾನು ತಮಿಳುನಾಡಿನ ಕಂಬಂ ಬಳಿಯ ಒಂದು ಕವಲು ಕಾಲುವೆಗೆ ನೀರಾವರಿ ಇಲಾಖೆಯ ಸೆಕ್ಷನ್ ಆಫೀಸರ್ ಆಗಿದ್ದೆ. ಹನ್ನೊಂದು ತೂಬು, ಒಬ್ಬ ನೀರುಗಂಟಿ, ದಿಣ್ಣೆ ಹತ್ತುವಾಗ ಏದುಸಿರುಬಿಡುವ ಒಂದು ಮೊಪೆಡ್. ನನ್ನ ಸಾಮ್ರಾಜ್ಯ ಅಷ್ಟೇ. ನೀರು ಇಳಿದ ತಿಂಗಳುಗಳಲ್ಲಿ ಸರದಿ ಶುರುವಾಗುತ್ತಿತ್ತು: ಒಂದೊಂದು ತೂಬಿಗೆ ವಾರಕ್ಕೆ ಆರು ಗಂಟೆ ನೀರು. ಬೇರೆಯವರ ಸರದಿಯಲ್ಲಿ ಕಾಲುವೆ ಏರಿ ಕಡಿದವನಿಗೆ ಮುಂದಿನ ಎರಡು ಸರದಿ ರದ್ದು. ಆ ನೀರು ನಷ್ಟವಾದವನಿಗೆ ಸೇರಬೇಕು.

ಒಂದು ಬೆಳಿಗ್ಗೆ ನೀರುಗಂಟಿ ಓಡಿ ಬಂದ. ಕಟ್ಟಕಡೆಯ ಹನ್ನೊಂದನೇ ತೂಬಿನ ದೇವಸಹಾಯಂ ಏಳನೇ ತೂಬಿನ ಹತ್ತಿರ ಏರಿ ಕಡಿದುಬಿಟ್ಟಿದ್ದ. ಸ್ವಲ್ಪ ನೀರು ಕೆಳಗೆ ಎಳೆದುಕೊಳ್ಳೋಣ ಎಂಬುದು ಅವನ ಲೆಕ್ಕ. ಕಡಿದ ಕಂಡಿ ತಾನೇ ಅಗಲವಾಗಿ, ನೀರು ಅಲ್ಲಿನ ರಂಗಪ್ಪ ಗೌಡರ ಸಸಿಮಡಿಗೆ ನುಗ್ಗಿ, ಮೊಳೆತ ಭತ್ತವನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಗೌಡರು ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರು, ವರಸೆಯಲ್ಲಿ ನನಗೆ ಮಾವ. ದೇವಸಹಾಯಂಗೆ ಇದ್ದದ್ದು ಒಂದೆಕರೆ ಬದನೆ, ಅದೂ ಹೂ ಬಿಟ್ಟಿತ್ತು. ಎರಡು ವಾರ ನೀರಿಲ್ಲದಿದ್ದರೆ ಅವನ ವರ್ಷದ ಬದುಕು ಒಣಗಿದ ಹಾಗೆಯೇ.

ಹತ್ತು ಗಂಟೆಗೆ ಕಾಲುವೆ ಪಕ್ಕದ ಹುಣಸೆಮರದಡಿ ವಿಚಾರಣೆ. ನಾನು ರಿಜಿಸ್ಟರ್ ತೆರೆಯುವಷ್ಟರಲ್ಲಿ ದೇವಸಹಾಯಂ ಹೋಗುವ ಚರ್ಚಿನ ಪಾಸ್ಟರ್ ಸಾಮ್ಯುಯೆಲ್ ಸೈಕಲ್ಲಿನಲ್ಲಿ ಬಂದಿಳಿದರು. ಚರ್ಚಿಗೂ ಒಂಬತ್ತನೇ ತೂಬಿನಲ್ಲಿ ತುಂಡು ತೋಟವಿತ್ತು.

"ಸಾರ್, ಇವನ ಬದಲು ನಮ್ಮ ಸರದಿ ರದ್ದು ಮಾಡಿ," ಎಂದರು ತಮಿಳಿನಲ್ಲಿ. "ಒಬ್ಬನ ಶಿಕ್ಷೆ ಇನ್ನೊಬ್ಬ ಹೊರಬಹುದು ಅಂತ ಹೋದ ಭಾನುವಾರ ತಾನೇ ಬೋಧಿಸಿದೆ. ಬೋಧಿಸಿ ಸುಮ್ಮನಿದ್ದರೆ ಆಗತ್ತಾ?"

ನನ್ನ ರಿಜಿಸ್ಟರಿನಲ್ಲಿ ಅಂಥ ಕಾಲಂ ಇರಲಿಲ್ಲ. ಗೌಡರು ನಗತೊಡಗಿದರು. "ಪಾಸ್ಟ್ರೇ, ಕೊಚ್ಕೊಂಡು ಹೋಗಿದ್ದು ನನ್ ಸಸಿ. ಕಡ್ದೋನು ಅವ್ನು. ನಡುವೆ ನೀವ್ಯಾರು? ನಮ್ಮೋರಲ್ಲಿ ತಪ್ಪು ಮಾಡ್ದೋನೇ ದೇವರ ಮುಂದೆ ತಪ್ಪುಕಾಣಿಕೆ ಇಡ್ಬೇಕು. ಪಕ್ಕದ ಮನೆಯೋನು ಇಟ್ರೆ ದೇವರು ಒಪ್ತಾನಾ?" ಇದನ್ನು ತಮಿಳಿಗೆ ತಿರುಗಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಪಾಸ್ಟರ್ ಸಿಟ್ಟಾಗಲಿಲ್ಲ. "ಗೌಡರು ಹೇಳೋದು ಸರಿ," ಎಂದರು. "ಪ್ರಾಯಶ್ಚಿತ್ತದ ವಿಷಯದಲ್ಲಿ ನಮ್ಮ ಪಂಡಿತರನ್ನೂ ಇದೇ ಪ್ರಶ್ನೆ ಕಾಡಿದೆ. ಮೂರನೆಯವನೊಬ್ಬ ಶಿಕ್ಷೆ ಹೊತ್ತರೆ ಅದು ನ್ಯಾಯವಲ್ಲ. ಆದರೆ ಶಿಲುಬೆ ಹೊತ್ತವನು ಮೂರನೆಯವನಲ್ಲ ಅನ್ನೋದೇ ನಮ್ಮ ನಂಬಿಕೆ. ಯಾರಿಗೆ ತಪ್ಪು ಮಾಡಿದೆವೋ, ಆ ದೇವರೇ ಬಂದು ನಷ್ಟ ಹೊತ್ತ."

"ಅಂದ್ರೆ ಇಲ್ಲಿ ನಾನು ಹೊರ್ಬೇಕು ಅಂತ! ಚೆನ್ನಾಗಿ ಸಿಕ್ಕಿಸಿದ್ರಿ ಪಾಸ್ಟ್ರೇ."

"ಅಯ್ಯೋ, ಹಾಗಂದಿಲ್ಲ ಅಯ್ಯಾ."

ಗೌಡರು ಹೆಗಲ ಟವೆಲ್ಲು ಕೊಡವಿ ನನ್ನ ಕಡೆ ತಿರುಗಿದರು. "ಮಾಪ್ಳೆ, ನಿನ್ ರೂಲ್ ಪ್ರಕಾರ ಅವ್ನ ಎರಡು ಸರದಿ ಯಾರಿಗೆ ಬರ್ತದೆ?"

"ನಿಮಗೇ, ಮಾವ."

"ಬರಿ ಹಂಗಾದ್ರೆ. ದಂಡ ದಂಡನೇ. ಬರಿ ಅಂದೆ."

ಬರೆದೆ. ದೇವಸಹಾಯಂ ತನ್ನ ಸಲಿಕೆಯನ್ನು ಹುಣಸೆಮರಕ್ಕೆ ಒರಗಿಸಿಟ್ಟ.

"ಬರ್ದಾಯ್ತಾ? ಈಗ ಆ ನೀರು ನಂದು. ನನ್ ನೀರು ನಾನು ಎತ್ಲಾಗ್ ಬೇಕಾದ್ರೂ ಬಿಡ್ತೀನಿ. ಹನ್ನೊಂದನೇ ತೂಬಿಗೆ ಬಿಡು."

ರೂಲ್ ಪುಸ್ತಕವನ್ನು ಎರಡು ಸಲ ತಿರುವಿದೆ. ಯಾವ ಪುಟವೂ ಅಡ್ಡ ಬರಲಿಲ್ಲ. ದಂಡವೂ ಜಾರಿಯಾಗಿತ್ತು, ಬದನೆಯೂ ಉಳಿದಿತ್ತು. ಸಸಿಮಡಿಯ ನಷ್ಟ ಮಾತ್ರ ಗೌಡರ ತಲೆಯ ಮೇಲೆ ಹಾಗೇ ಇತ್ತು.

ದೇವಸಹಾಯಂ ಅಲ್ಲೇ ಕುಸಿದು ಕೂತು ಅತ್ತ. ಗೌಡರಿಗೆ ಮುಜುಗರ. "ಏ, ಎದ್ದೇಳೋ. ಕಣ್ಣೀರು ಬದನೆಗೆ ಸಾಲಲ್ಲ."

ಪಾಸ್ಟರ್ ಸೈಕಲ್ ಹತ್ತುವ ಮೊದಲು ನಾನು ಕೇಳಿಯೇಬಿಟ್ಟೆ: "ನಿಮ್ಮ ದೇವರು ಹೊತ್ತದ್ದು ನಿಮ್ಮವರಿಗೆ ಮಾತ್ರವೋ, ಎಲ್ಲರಿಗೋ?"

"ದೇವರು ಆರಿಸಿಕೊಂಡವರಿಗೆ ಮಾತ್ರ ಅನ್ನೋರೂ ಇದ್ದಾರೆ ಸಾರ್, ಎಲ್ಲರಿಗೂ ಅನ್ನೋರೂ ಇದ್ದಾರೆ. ನಾನು ಎರಡನೆಯ ಕಡೆ. ಕಾಲುವೆ ಎಲ್ಲರ ಹೊಲದ ಪಕ್ಕಕ್ಕೂ ಬರುತ್ತೆ. ಆದರೆ ತನ್ನ ಹೊಲದ ಬಾಯಿ ತೆಗೆಯದವನ ಮಣ್ಣು ಒಣಗೇ ಇರುತ್ತೆ." ಆಮೇಲೆ ಗೌಡರಿಗೆ ಕೈಮುಗಿದರು. "ಅಯ್ಯಾ, ಬರೋ ಭಾನುವಾರ ನಿಮ್ಮ ವಿಷಯ ಹೇಳಲಾ?"

"ಹೆಸರು ಮಾತ್ರ ಬ್ಯಾಡ! ನಿಮ್ ದೇವರು ಎಲ್ಲರಿಗೂ ಬಿಟ್ಟಿರ್ಬೋದು, ನನ್ ನೀರು ಇವನೊಬ್ಬನಿಗೇ."

ಮಾರನೇ ದಿನ ಏಳನೇ ತೂಬಿಗೆ ಹೋದೆ. ದೇವಸಹಾಯಂ ತಾನೇ ಬಂದು ಏರಿ ಕಟ್ಟಿ ಮುಗಿಸಿ, ಗೌಡರ ಹೊಸ ಸಸಿಮಡಿಗೆ ಮೊಣಕಾಲುದ್ದ ಕೆಸರಲ್ಲಿ ನೆಲ ಹದ ಮಾಡುತ್ತಿದ್ದ. ಗೌಡರು ದಂಡೆಯ ಮೇಲೆ ಕೂತು, "ಮತ್ತೆ ಸಲಿಕೆ ತಂದಿದೀಯ? ಕಟ್ಟಕ್ಕಾ, ಕಡ್ಯಕ್ಕಾ?" ಎಂದು ರೇಗಿಸುತ್ತಿದ್ದರು. ಬಾ ಅಂತ ಅವನನ್ನು ಯಾರೂ ಕರೆದಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಎಷ್ಟೋ ಜನರ ಸರದಿ ರದ್ದು ಮಾಡಿದ್ದೇನೆ. ಅವರಲ್ಲಿ ಹಲವರು ಹೆಚ್ಚು ಹುಷಾರಾಗಿ ಕಡಿಯುವುದನ್ನು ಕಲಿತರು. ಹನ್ನೊಂದನೇ ತೂಬಿನವನು ಮಾತ್ರ, ನಾನು ವರ್ಗವಾಗುವ ತನಕ, ಎಲ್ಲಿ ಏರಿ ಬಿರುಕು ಬಿಟ್ಟರೂ ನೀರುಗಂಟಿಗಿಂತ ಮೊದಲೇ ಅಲ್ಲಿರುತ್ತಿದ್ದ. ದಂಡ ಬರೆಯಲು ನನಗೆ ಇಲಾಖೆ ಕಲಿಸಿತ್ತು. ಬರೆದ ದಂಡವನ್ನು ನಷ್ಟವಾದವನೇ ಹೊತ್ತುಕೊಂಡಾಗ ಒಡೆದ ಏರಿ ನಿಜವಾಗಿ ಕೂಡುತ್ತದೆ ಎಂಬುದನ್ನು ಆ ಹುಣಸೆಮರದಡಿ ಕಲಿತೆ.