ಎರಡು ಮಡಿಲಕ್ಕಿ ಗಂಟು

ಅಂದು ಪೋಲೆಂಡಿನ ಕ್ರಾಕೋವ್‌ನಲ್ಲಿ ಊರು ನೋಡಲು ಹೊರಟವರು ನಾವು ಮೂವರೇ: ನಾನು, ರಾಜಾಜಿನಗರದ ನಮ್ಮಕ್ಕ, ಅವಳ ಮಗಳು ಸುಮಾ. ಸುಮಾಳ ಗಂಡನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. ಆತ ಡ್ಯೂಟಿಗೆ ಹೋಗಿದ್ದ. ಅಕ್ಕನಿಗೆ ಒಬ್ಬಳೇ ವಿಮಾನ ಹತ್ತಲು ಭಯವೆಂದು ನಾನು ಜೊತೆಗೆ ಬಂದಿದ್ದೆ. ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, "ಸರಿಯಾಗಿ ನೆನಪು ಮಾಡ್ಕೊಳ್ಳಿ ಸಾರ್" ಎಂದು ನಗುತ್ತಿದ್ದವನು ನಾನು. ಈಗ ನೀವು ನಕ್ಕರೆ ನನ್ನ ತಕರಾರಿಲ್ಲ.

ಸುಮಾ ಆಗ ಐದು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ತಾನೇ ಹೋಗಿ ಮಡಿಲು ತುಂಬಬೇಕೆಂದು ಅಕ್ಕ ಹಟ ಹಿಡಿದಿದ್ದಳು. ನಮ್ಮಜ್ಜಿಯ ಕೆಂಪು ಸೀರೆಯಿಂದ ಕತ್ತರಿಸಿದ ಬಟ್ಟೆಯೊಂದಿದೆ. ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಮಡಿಲಕ್ಕಿ ಕಟ್ಟಿದ್ದು ಅದರಲ್ಲೇ. ಒಂದು ಮೂಲೆಯಲ್ಲಿ ಊದುಬತ್ತಿ ತಗುಲಿ ಸುಟ್ಟ ತೂತು. ಐದು ಹಿಡಿ ಅಕ್ಕಿ, ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು ಇಟ್ಟು ಅಕ್ಕ ಅದಕ್ಕೆ ಮೂರು ಗಂಟು ಹಾಕಿದ್ದನ್ನು ಬೆಂಗಳೂರಿನಿಂದ ಹೊರಡುವ ದಿನ ನಾನೇ ನೋಡಿದ್ದೆ.

"ಇಲ್ಲಿ ಅಮ್ಮನವರ ಗುಡಿ ಎಲ್ಲಿ ಹುಡುಕ್ತೀಯಮ್ಮಾ?" ಎಂದು ಸುಮಾ ನಕ್ಕಿದ್ದಳು.

"ಚೌಕದಲ್ಲಿ ದೊಡ್ಡ ಚರ್ಚಿದೆ ಅಂದ್ಯಲ್ಲ. ಮಗು ಎತ್ಕೊಂಡಿರೋ ತಾಯಿ ಕಣೇ ಅವಳು. ಅವಳಿಗೆ ಗೊತ್ತಾಗಲ್ವಾ?"

ಬೆಳಿಗ್ಗೆ ಟ್ರಾಮಿನಲ್ಲಿ ಹೋಗಿ ಕೋಟೆ ನೋಡಿದೆವು, ಹೊಳೆ ದಂಡೆಯಲ್ಲಿ ಕೂತೆವು. ಆಮೇಲೆ ಚೌಕದ ಹಳೆಯ ಮಾರುಕಟ್ಟೆಯಲ್ಲಿ ಅಂಗಡಿ ಅಂಗಡಿ ಸುತ್ತಿ ಜೇನುಬಣ್ಣದ ಮಣಿಸರ, ಮರದ ಸೌಟು ಕೊಂಡದ್ದಾಯಿತು. ಗಾಡಿಯಲ್ಲಿ ಮಾರುತ್ತಿದ್ದ ಬಳೆಯಾಕಾರದ ಬ್ರೆಡ್ಡನ್ನು ನೋಡಿ ಅಕ್ಕ, "ಕೋಡುಬಳೆಗೆ ಬಾವು ಬಂದಂಗಿದೆ ಕಣೋ" ಎಂದಳು. ಅವಳು ಅಷ್ಟು ಗೆಲುವಾಗಿದ್ದದ್ದನ್ನು ನೋಡಿ ಬಹಳ ದಿನಗಳಾಗಿದ್ದವು.

ಚರ್ಚಿನ ಬಾಗಿಲಲ್ಲಿ ನಿಂತು ಅಕ್ಕ ಬ್ಯಾಗಿಗೆ ಕೈ ಹಾಕಿದಳು. ಗಂಟು ಇರಲಿಲ್ಲ. ಮೇಲೆ ಗೋಪುರದಲ್ಲಿ ಯಾರೋ ಕಹಳೆ ಊದಿದರು; ಅದು ಅರ್ಧಕ್ಕೇ ನಿಂತಿತು. ಅಲ್ಲಿ ದಿನವೂ ಹಾಗೆಯೇ ಅರ್ಧಕ್ಕೆ ನಿಲ್ಲಿಸುತ್ತಾರಂತೆ. ಆದರೆ ಆ ಗಳಿಗೆಯಲ್ಲಿ ಅಕ್ಕನ ಮುಖ ನೋಡಲಾಗಲಿಲ್ಲ. "ಟ್ರಾಮಲ್ಲೇ ಬಿಟ್ಬಿಟ್ನೇನೋ... ನನ್ನ ಕೈಯಾರೆ ಕಳದೆ" ಎಂದು ಮೆಟ್ಟಿಲ ಮೇಲೆ ಕುಸಿದಳು. ಸುಮಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಎದುರಿಗೆ ಹೂ ಮಾರುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದಳು. ನೇರವಾಗಿ ಸುಮಾಳ ಬಳಿ ನಿಂತು, ಅವಳ ಕೋಟಿನ ಅಂಚನ್ನು ಸೆರಗಿನಂತೆ ಹಿಡಿಸಿ, ಎರಡೂ ಕೈಯಿಂದ ಗಂಟನ್ನು ಅದರಲ್ಲಿಟ್ಟಳು. ಕೆಂಪು ಬಟ್ಟೆ, ಮೂರು ಗಂಟು, ಮೂಲೆಯಲ್ಲಿ ಸುಟ್ಟ ತೂತು.

ಸುಮಾ ಅವರ ಭಾಷೆಯಲ್ಲಿ ಏನೋ ಕೇಳಿದಳು. ಉತ್ತರ ಕೇಳಿ ನಮ್ಮತ್ತ ತಿರುಗಿದಳು. "ಮಾಮ, ಬೆಳಿಗ್ಗೆ ಅಮ್ಮನೇ ಬಂದು ಕೊಟ್ಟು, ಮಗಳು ಬಂದಾಗ ಕೊಡಿ ಅಂದ್ರಂತೆ."

ಬೆಳಿಗ್ಗೆ ನಾವು ಆ ಚೌಕಕ್ಕೆ ಕಾಲಿಟ್ಟಿರಲೇ ಇಲ್ಲ. ಅಕ್ಕನಿಗೆ ಆ ಭಾಷೆಯ ಒಂದಕ್ಷರವೂ ಬಾರದು. ಮುದುಕಿ ಮಾತ್ರ ಹೋಗಿ ಮತ್ತೆ ಹೂವಿನ ಮುಂದೆ ಕೂತು ಗಿರಾಕಿಯೊಬ್ಬನೊಡನೆ ಚೌಕಾಸಿಗಿಳಿದಳು. ಯಾರೋ ಟ್ರಾಮಿನಲ್ಲಿ ಕಂಡು ತಂದಿರಬೇಕು, ಸುಮಾಳಿಗೆ ಮಾತು ಸರಿಯಾಗಿ ತಿಳಿದಿರಲಿಕ್ಕಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಆ ಸಂಜೆ ಅದೇ ಅಕ್ಕಿಯ ಪಾಯಸ ಉಂಡೆವು. ಬಟ್ಟೆಯನ್ನು ಸುಮಾ ಎತ್ತಿಟ್ಟುಕೊಂಡಳು.

ಊರಿಗೆ ಮರಳಿದ ದಿನ ಅಕ್ಕನ ಮನೆಯ ಬೀಗ ತೆಗೆದು ದೇವರ ಗೂಡಿನ ಬಳಿ ಹೋದೆ. ದೀಪದ ಪಕ್ಕದಲ್ಲಿ ಕೆಂಪು ಗಂಟು ಕೂತಿತ್ತು. ಬಿಚ್ಚಿದೆ: ಅಕ್ಕಿ, ಅರಿಶಿನ, ಕೊಬ್ಬರಿ, ಎಲ್ಲ ಹಾಗೆಯೇ. ಮೂಲೆಯಲ್ಲಿ ಅದೇ ತೂತು. ಅಕ್ಕ ನನ್ನ ಹೆಗಲು ಹಿಡಿದು, "ತಗೊಂಡು ಹೋಗೋದೇ ಮರ್ತಿದ್ನಲ್ಲೋ" ಎಂದಳು, ಅಷ್ಟೇ. ವಿಡಿಯೋ ಕಾಲ್ ಮಾಡಿದಾಗ ಸುಮಾ ತನ್ನ ಬಟ್ಟೆಯನ್ನು ಬಿಡಿಸಿ ತೋರಿಸಿದಳು. ಅದರ ಮೂಲೆಯಲ್ಲೂ ಅದೇ ಸುಟ್ಟ ತೂತಿತ್ತು. ಅಜ್ಜಿಯ ಸೀರೆಯಿಂದ ಉಳಿದದ್ದು ಒಂದೇ ತುಂಡು ಎಂದು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಮಿಕ್ಕಿದ್ದು ನನಗೆ ಗೊತ್ತಿಲ್ಲ.

ನಾಲ್ಕು ತಿಂಗಳ ಮೇಲೆ ಅಕ್ಕ ಬಾಣಂತನಕ್ಕೆಂದು ಒಬ್ಬಳೇ ವಿಮಾನ ಹತ್ತಿದಳು. ಗಂಟನ್ನು ಇಡೀ ದಾರಿ ಕೈಯಲ್ಲೇ ಹಿಡಿದಿದ್ದಳಂತೆ. ಹೆಣ್ಣು ಮಗು ಹುಟ್ಟಿತು. ಎರಡು ಬಟ್ಟೆಗಳನ್ನೂ ಒಂದರ ಮೇಲೊಂದು ಹಾಸಿ ಅದರ ಮೇಲೆ ಮಗುವನ್ನು ಮಲಗಿಸಿದರು.